ಸಾಯಿಯಲ್ಲ, ಸಈ

ಸಈ

ಪುಣೆಯ ಈ ಹೆಣ್ಣುಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕಂಡ ಕನ್ನಡಿಗರು 'ಸಾಯಿ' ಎಂದೇ ಓದಿಬಿಡುತ್ತಾರೆ. ಮಗುವನ್ನು ಹಾಗೆ ಕೂಗಿದರೆ ಕನ್ನಡದ ಕಿವಿಗೆ ಶಾಪದಂತೆ ಕೇಳಿಸುವುದು ಬೇರೆ ಮಾತು! ಶಿರಡಿಯ ಸಾಯಿಗೂ ಇದಕ್ಕೂ ನಂಟಿಲ್ಲ. ಸಂಸ್ಕೃತದ ಸಖಿ ಪ್ರಾಕೃತದಲ್ಲಿ 'ಖ' ಸವೆದು ಸಹೀ ಆಯಿತು. ಮರಾಠಿಗೆ ಬರುವಷ್ಟರಲ್ಲಿ 'ಹ'ಕಾರವೂ ಉದುರಿ ಸಈ. ಹಿಂದಿಯ ಸಹೇಲಿ ಇದೇ ಬಳಗದ್ದು. ಅರ್ಥ ಗೆಳತಿ, ನಮ್ಮ ಹಳೆಯ ಮಾತಿನಲ್ಲಿ ಕೆಳದಿ. 1640ರಲ್ಲಿ ಪುಣೆಯಲ್ಲಿ ಶಿವಾಜಿಯ ಕೈಹಿಡಿದ, ಫಲ್ಟಣದ ನಿಂಬಾಳ್ಕರ್ ಮನೆತನದ ಸಈಬಾಯಿಯೇ ಸಂಭಾಜಿಯ ತಾಯಿ. ಪುಣೆ ಆಕಾಶವಾಣಿಯಲ್ಲಿ ಉದ್ಘೋಷಕಿಯಾಗಿದ್ದು, ಮುಂದೆ 'ಚಶ್ಮೆ ಬದ್ದೂರ್' (1981) ನಿರ್ದೇಶಿಸಿದ ಸಈ ಪರಾಂಜಪೆಯವರನ್ನೂ ನಮ್ಮಲ್ಲಿ ಹಲವರು 'ಸಾಯಿ' ಎಂದೇ ಬರೆಯುತ್ತಾರೆ.