ಹಾಸಿಗೆಯ ಮೇಲೊಂದು ಹೂತೋಟ

ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಮೇರಿಯನ್ ಎಂಬ ಊರಿದೆ. ತಿಂಗಳುಗಟ್ಟಲೆ ಕಾಡುವ ಚಳಿ ಕಳೆದು ವಸಂತ ಕಾಲಿಟ್ಟರೆ ಅಲ್ಲಿನ ಮನೆಯಂಗಳಗಳಲ್ಲಿ ಟ್ಯೂಲಿಪ್, ಐರಿಸ್ ಗಿಡಗಳು ತಲೆ ಎತ್ತುತ್ತವೆ. ಆ ಊರಿನ ಗೃಹಿಣಿ ಮೇರಿ ವೆಬ್‌ಸ್ಟರ್ 1909ರಲ್ಲಿ, ತಮ್ಮ ಐವತ್ತರ ವಯಸ್ಸಿನಲ್ಲಿ, ಮೊದಲ ಬಾರಿಗೆ ಒಂದು ಕ್ವಿಲ್ಟ್ ಹೊಲಿದರು. ಅದರ ಮೇಲೆ ಅರಳಿದ್ದು ಗುಲಾಬಿ. ಮುಂದೆ ಅವರ ತೋಟದ ಹೂಗಳೆಲ್ಲ ಒಂದೊಂದಾಗಿ ಬಟ್ಟೆಯ ಮೇಲೆ ಬಂದವು.

ಕ್ವಿಲ್ಟ್ ಎಂದರೆ ನಮ್ಮ ಉತ್ತರ ಕರ್ನಾಟಕದ ಕೌದಿಯ ಸೋದರಿ. ಮೇಲೊಂದು ಬಟ್ಟೆ, ಕೆಳಗೊಂದು ಬಟ್ಟೆ, ನಡುವೆ ಹತ್ತಿಯ ಅಥವಾ ಉಣ್ಣೆಯ ಪದರ. ಮೂರನ್ನೂ ಸೇರಿಸಿ ಉದ್ದಕ್ಕೂ ಹೊಲಿಗೆ ಹಾಕಿದರೆ ಬೆಚ್ಚನೆಯ ಹೊದಿಕೆ ಸಿದ್ಧ. ಚಳಿ ದೇಶಗಳ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಚಳಿಗಾಲದ ಬಿಡುವಿನಲ್ಲಿ ತುಂಡು ಬಟ್ಟೆಗಳನ್ನು ಜೋಡಿಸಿಟ್ಟುಕೊಳ್ಳುತ್ತಿದ್ದರು. ಹವೆ ಬೆಚ್ಚಗಾದ ಮೇಲೆ ಮರದ ಚೌಕಟ್ಟು ಹೂಡಿ, ನೆರೆಹೊರೆಯ ಹೆಂಗಸರೆಲ್ಲ ಸುತ್ತ ಕುಳಿತು ಹೊಲಿದು ಮುಗಿಸುತ್ತಿದ್ದರು.

ನೋಡುವವರಿಗೆ ಇದು ಮನೆಯೊಳಗಿನ ಬಿಡುವಿನ ಕೆಲಸ. ಆದರೆ ಆ ಹೊದಿಕೆಯ ಮೇಲಿನ ಹೂವಿನ ಬೆನ್ನು ಹತ್ತಿ ಹೋದರೆ ಸಿಗುವುದು ಸಮುದ್ರ ವ್ಯಾಪಾರ, ಸರ್ಕಾರದ ಕಾನೂನು, ಬೀದಿ ಗಲಭೆ ಮತ್ತು ಬಡತನದ ಚರಿತ್ರೆ. ಆ ಚರಿತ್ರೆ ಆರಂಭವಾಗುವುದು ಭಾರತದಲ್ಲಿ.

ಕೋರಮಂಡಲದಿಂದ ಹೊರಟ ಹೂವು

ಹದಿನೇಳನೆಯ ಶತಮಾನದ ಯೂರೋಪಿಗೆ ತೊಳೆದರೂ ಬಣ್ಣ ಬಿಡದ ಹೂವಿನ ಹತ್ತಿ ಬಟ್ಟೆ ಮಾಡುವ ವಿದ್ಯೆ ಗೊತ್ತಿರಲಿಲ್ಲ. ಅದನ್ನು ಬಲ್ಲವರು ಭಾರತದ ಕುಶಲಕರ್ಮಿಗಳು. ಕೋರಮಂಡಲ ತೀರದ ಮಚಲೀಪಟ್ಟಣದ ಸುತ್ತಮುತ್ತ ಇಂಥ ಬಟ್ಟೆ ತಯಾರಾಗುತ್ತಿತ್ತು.

ಕೆಲಸ ಬಹಳ ತಾಳ್ಮೆಯದು. ಕೆಂಪು ಬೇಕಾದ ಕಡೆ ಮೊದಲು ಪಟಿಕದ ನೀರನ್ನು ಲೇಖನಿಯಿಂದ ಬರೆಯುತ್ತಿದ್ದರು. ಆಮೇಲೆ ಬಟ್ಟೆಯನ್ನು ಚಾಯ್ ಬೇರಿನ ಬಣ್ಣದಲ್ಲಿ ಕುದಿಸಿದರೆ ಪಟಿಕ ತಾಗಿದ ಕಡೆ ಮಾತ್ರ ಕೆಂಪು ನಿಲ್ಲುತ್ತಿತ್ತು. ಕಪ್ಪಿಗೆ ಕಬ್ಬಿಣದ ದ್ರಾವಣ. ನೀಲಿಗಾಗಿ ಉಳಿದ ಜಾಗಕ್ಕೆಲ್ಲ ಮೇಣ ಬಳಿದು ಬಟ್ಟೆಯನ್ನು ನೀಲಿಯ ತೊಟ್ಟಿಯಲ್ಲಿ ಅದ್ದುತ್ತಿದ್ದರು. ನೀಲಿಯ ಮೇಲೆ ಹಳದಿ ಬಳಿದರೆ ಎಲೆಯ ಹಸಿರು. ಹೀಗೆ ಒಂದೇ ಹೂವು ಹಲವು ಸಲ ನೀರಿಗಿಳಿದು ಬಿಸಿಲು ಕಾಣಬೇಕಿತ್ತು.

ಈ ಬಟ್ಟೆಗೆ ಇಂಗ್ಲಿಷರು ಇಟ್ಟ ‘ಚಿಂಟ್ಜ್’ ಎಂಬ ಹೆಸರು ಹಿಂದಿಯ ‘ಛೀಂಟ್’ನಿಂದ ಬಂದದ್ದು. ಹಾಸಿಗೆಯ ಮೇಲೆ ಹೊದಿಸುವ ದೊಡ್ಡ ಬಟ್ಟೆಯನ್ನು ಅವರು ‘ಪಾಲಂಪೋರ್’ ಎಂದರು. ಅದು ನಮ್ಮ ಕಡೆಯ ‘ಪಲಂಗ್‌ಪೋಷ್’, ಅಂದರೆ ಮಂಚದ ಹೊದಿಕೆ. ನಡುವೆ ಒಂದು ಮರ, ಅದರ ಕೊಂಬೆ ಕೊಂಬೆಯಲ್ಲೂ ಬಗೆಬಗೆಯ ಹೂವು. ಇದೇ ಪಾಲಂಪೋರಿನ ಪ್ರಸಿದ್ಧ ಚಿತ್ರ.

ಆದರೆ ಈ ಹೂಗಳೆಲ್ಲ ಭಾರತದ ತೋಟದವಲ್ಲ. ಈಸ್ಟ್ ಇಂಡಿಯಾ ಕಂಪೆನಿಯ ಲಂಡನ್ನಿನ ನಿರ್ದೇಶಕರು 1643ರಲ್ಲಿ ಸೂರತ್ತಿನ ತಮ್ಮ ನೌಕರರಿಗೆ ಕಾಗದ ಬರೆದು, ಕೆಂಪು ನೆಲದ ಹೊದಿಕೆಗಳು ಇಲ್ಲಿನವರಿಗೆ ಅಷ್ಟಾಗಿ ಹಿಡಿಸುತ್ತಿಲ್ಲ, ಬಿಳಿ ನೆಲ ಹೆಚ್ಚಿರಲಿ, ಹೂವು ಕೊಂಬೆಗಳು ನಡುವೆ ಬರಲಿ ಎಂದು ತಿಳಿಸಿದರು. ಹೀಗೆ ಗಿರಾಕಿಯ ರುಚಿಗೆ ತಕ್ಕಂತೆ ಚಿತ್ರ ಬದಲಾಯಿತು. ತಾವೆಂದೂ ನೋಡದ ದೇಶದವರ ಮಂಚಕ್ಕೆ, ಯಾವ ತೋಟದಲ್ಲೂ ಬೆಳೆಯದ ಹೂಗಳನ್ನು ನಮ್ಮ ಕುಶಲಕರ್ಮಿಗಳು ಬರೆದುಕೊಟ್ಟರು.

ಹೂವಿನ ಬಟ್ಟೆ ಉಟ್ಟರೆ ದಂಡ

ಅರಮನೆಯಿಂದ ಅಡುಗೆಮನೆಯವರೆಗೆ ಎಲ್ಲರಿಗೂ ಈ ಬಟ್ಟೆ ಬೇಕಾಯಿತು. ಉಣ್ಣೆ, ರೇಷ್ಮೆ ನೇಯುವ ಅಲ್ಲಿನ ನೇಕಾರರ ಹೊಟ್ಟೆಯ ಮೇಲೆ ಹೊಡೆತ ಬಿತ್ತು. ಫ್ರಾನ್ಸ್ 1686ರಲ್ಲಿ ಹೂವಿನ ಹತ್ತಿ ಬಟ್ಟೆಯನ್ನು ನಿಷೇಧಿಸಿತು. ಆ ನಿಷೇಧ 1759ರವರೆಗೂ ನಡೆಯಿತು. ಇಂಗ್ಲೆಂಡ್ 1701ರಿಂದ ಅಂಥ ಬಟ್ಟೆಯನ್ನು ದೇಶದೊಳಗಿನ ಬಳಕೆಗೆ ತರಿಸುವುದನ್ನು ತಡೆಯಿತು. ವ್ಯಾಪಾರಿಗಳು ಬಿಳಿ ಬಟ್ಟೆ ತರಿಸಿ ಅಲ್ಲೇ ಹೂವು ಅಚ್ಚು ಹಾಕತೊಡಗಿದರು.

1719ರಲ್ಲಿ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ನೇಕಾರರು ಬೀದಿಗಿಳಿದರು. ಹೂವಿನ ಹತ್ತಿ ಉಡುಪು ತೊಟ್ಟ ಹೆಂಗಸರು ಕಂಡರೆ ಅಟ್ಟಿಸಿಕೊಂಡು ಹೋಗಿ ಬಟ್ಟೆ ಹರಿದರು, ಶಾಯಿ ಎರಚಿದರು. ಹಸಿದ ನೇಕಾರರ ಸಿಟ್ಟು ವ್ಯಾಪಾರಿಯ ಮೇಲಿನದಾದರೂ ಪೆಟ್ಟು ಬಿದ್ದದ್ದು ಹೆಂಗಸರಿಗೆ. 1721ರ ಕಾನೂನು ಇನ್ನೂ ಮುಂದೆ ಹೋಗಿ ಇಂಥ ಬಟ್ಟೆಯನ್ನು ಉಡುವುದನ್ನೂ, ಮನೆಯಲ್ಲಿ ಹೊದಿಕೆ, ಪರದೆಯಾಗಿ ಬಳಸುವುದನ್ನೂ ಅಪರಾಧ ಮಾಡಿತು. ಉಟ್ಟು ಸಿಕ್ಕಿಬಿದ್ದರೆ 5 ಪೌಂಡ್ ದಂಡ. 1774ರಲ್ಲಿ ನಿಷೇಧ ತೆರವಾಗುವ ಹೊತ್ತಿಗೆ ಇಂಗ್ಲೆಂಡಿನವರೇ ಹತ್ತಿಯ ಮೇಲೆ ಹೂವು ಅಚ್ಚು ಹಾಕುವುದನ್ನು ಕಲಿತಾಗಿತ್ತು.

ದುಬಾರಿಯಾದ ಬಟ್ಟೆಯ ಚೂರೂ ದುಬಾರಿಯೇ. ಇಂಗ್ಲೆಂಡಿನ ಕಂಬ್ರಿಯಾದ ಲೆವೆನ್ಸ್ ಹಾಲ್ ಎಂಬ ಮನೆಯಲ್ಲಿ ಹದಿನೆಂಟನೆಯ ಶತಮಾನದ ಆರಂಭದ ಹೊದಿಕೆಯೊಂದಿದೆ. ಭಾರತದ ಚಿಂಟ್ಜ್ ತುಂಡುಗಳನ್ನು ಜೋಡಿಸಿ ಹೊಲಿದ ಹೊದಿಕೆ ಅದು. ಚಿಂಟ್ಜ್ ಬಟ್ಟೆಯಿಂದ ಹೂವು, ಹಕ್ಕಿಗಳನ್ನು ಕತ್ತರಿಸಿ ತೆಗೆದು ಬಿಳಿ ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಹೊಲಿಯುವ ಪದ್ಧತಿಯೂ ಬೆಳೆಯಿತು. ಒಂದು ಗಜ ಬಟ್ಟೆಯ ಹೂವು ಇಡೀ ಮಂಚವನ್ನು ತುಂಬುವ ಉಪಾಯ ಇದು. ವಲಸೆ ಹೋದವರೊಂದಿಗೆ ಈ ಜಾಣ್ಮೆ ಅಮೆರಿಕಕ್ಕೂ ಹೋಯಿತು.

ಅಜ್ಜಿಯ ಹೂತೋಟ

ಕ್ವಿಲ್ಟ್‌ಗಳ ಹೂವಿನ ಮಾದರಿಗಳಲ್ಲಿ ಮನೆಮಾತಾದದ್ದು ಆರು ಮೂಲೆಯ ತುಂಡುಗಳದು. ಅಮೆರಿಕದ ‘ಗೋಡೀಸ್ ಲೇಡೀಸ್ ಬುಕ್’ ಪತ್ರಿಕೆ 1835ರಲ್ಲೇ ಇದರ ನಮೂನೆ ಪ್ರಕಟಿಸಿತ್ತು. ನಡುವೆ ಒಂದು ಹಳದಿ ತುಂಡು, ಅದರ ಸುತ್ತ ಒಂದೇ ಬಣ್ಣದ ಆರು, ಅವುಗಳ ಸುತ್ತ ಹನ್ನೆರಡು. ಒಂದು ಹೂವಿಗೆ ಒಟ್ಟು 19 ತುಂಡು. ಹೂವು ಹೂವಿನ ನಡುವೆ ಬಿಳಿ ಅಥವಾ ಹಸಿರು ತುಂಡುಗಳ ಸಾಲು, ತೋಟದ ಕಾಲುದಾರಿಯಂತೆ. ಜೇನುಗೂಡಿನ ಹಾಗೆ ಆರು ಮೂಲೆಯ ತುಂಡುಗಳು ನಡುವೆ ಸಂದಿ ಬಿಡದೆ ಕೂಡುತ್ತವೆ. ಇಡೀ ಹೊದಿಕೆಗೆ ಇಂಥ ತುಂಡುಗಳು ಸಾವಿರಗಟ್ಟಲೆ ಬೇಕು.

ತುಂಡುಗಳೆಲ್ಲ ಒಂದೇ ಅಳತೆಗೆ ಬರಲೆಂದು ಕಾಗದವನ್ನು ಆರು ಮೂಲೆಗೆ ಕತ್ತರಿಸಿ, ಅದರ ಮೇಲೆ ಬಟ್ಟೆಯ ಅಂಚು ಮಡಚಿ ಹೊಲಿಯುವುದು ರೂಢಿ. ಹಳೆಯ ಪತ್ರ, ಮಕ್ಕಳ ಕಾಪಿಪುಸ್ತಕ, ಲೆಕ್ಕದ ಹಾಳೆ ಎಲ್ಲವೂ ಇದಕ್ಕೆ ಒದಗುತ್ತಿದ್ದವು. ಪೂರ್ತಿಯಾಗದೆ ಉಳಿದ ಹೊದಿಕೆಗಳ ಬೆನ್ನಿನಲ್ಲಿ ಆ ಕಾಗದಗಳು ಹಾಗೇ ಇವೆ. ಅವುಗಳ ಅಕ್ಷರ ಓದಿ ಚರಿತ್ರಕಾರರು ಹೊದಿಕೆಯ ಕಾಲ ಅಂದಾಜು ಮಾಡುವುದುಂಟು.

ಈ ಮಾದರಿ ‘ಗ್ರಾಂಡ್‌ಮದರ್ಸ್ ಫ್ಲವರ್ ಗಾರ್ಡನ್’, ಅಂದರೆ ಅಜ್ಜಿಯ ಹೂತೋಟ ಎಂಬ ಹೆಸರಿನಲ್ಲಿ ಅತಿ ಹೆಚ್ಚು ಜನಪ್ರಿಯವಾದದ್ದು 1920 ಮತ್ತು 30ರ ದಶಕಗಳಲ್ಲಿ. ಅದಕ್ಕೆ ಹದ ಹಾಕಿದವರಲ್ಲಿ ಮೇರಿ ವೆಬ್‌ಸ್ಟರ್ ಒಬ್ಬರು. ‘ಲೇಡೀಸ್ ಹೋಮ್ ಜರ್ನಲ್’ 1911ರ ಜನವರಿಯಲ್ಲಿ ಅವರ ಹೂವಿನ ಕ್ವಿಲ್ಟ್‌ಗಳನ್ನು ಬಣ್ಣದಲ್ಲಿ ಅಚ್ಚು ಹಾಕಿತು. ಹತ್ತು ಲಕ್ಷಕ್ಕೂ ಮೀರಿ ಪ್ರಸಾರವಿದ್ದ ಪತ್ರಿಕೆ ಅದು. ಗಾಢ ಕೆಂಪು ಹಸಿರಿನ ಹಳೆಯ ರೂಢಿ ಬಿಟ್ಟು ವೆಬ್‌ಸ್ಟರ್ ತಿಳಿ ಬಣ್ಣ ಬಳಸಿದ್ದರು. ನಮೂನೆ ಕಳಿಸಿ ಎಂದು ಓದುಗರ ಕಾಗದಗಳು ಬರತೊಡಗಿದವು. ಅವರು ಮನೆಯಿಂದಲೇ ನಮೂನೆಗಳನ್ನು ಅಂಚೆಯಲ್ಲಿ ಮಾರಿದರು. 1915ರಲ್ಲಿ ಅವರು ಬರೆದ ಪುಸ್ತಕ ಅಮೆರಿಕದಲ್ಲಿ ಕ್ವಿಲ್ಟ್ ಬಗ್ಗೆ ಬಂದ ಮೊದಲ ಪೂರ್ಣ ಪುಸ್ತಕ. ಮೇರಿಯನ್‌ನ ಅವರ ಮನೆ ಈಗ ವಸ್ತುಸಂಗ್ರಹಾಲಯ.

ಹಿಟ್ಟಿನ ಚೀಲದ ಹೂವು

1929ರ ಷೇರುಪೇಟೆ ಕುಸಿತದ ನಂತರ ಅಮೆರಿಕದ ಹಳ್ಳಿಗಳಲ್ಲಿ ಹೊಸ ಬಟ್ಟೆ ಕೊಳ್ಳುವುದೇ ಕಷ್ಟವಾಯಿತು. ಹಿಟ್ಟು, ಸಕ್ಕರೆ, ಕೋಳಿ ಆಹಾರ ಬರುತ್ತಿದ್ದುದು ಹತ್ತಿ ಬಟ್ಟೆಯ ಚೀಲಗಳಲ್ಲಿ. ಹೆಂಗಸರು ಹೊಲಿಗೆ ಬಿಚ್ಚಿ, ಕಂಪೆನಿಯ ಹೆಸರು ಹೋಗುವ ತನಕ ಉಜ್ಜಿ ಒಗೆದು ಅದರಿಂದ ಮಕ್ಕಳ ಅಂಗಿ, ಹೊದಿಕೆ ಹೊಲಿಯುತ್ತಿದ್ದರು. ಇದನ್ನು ಗಮನಿಸಿದ ಗಿರಣಿಗಳು ಚೀಲದ ಮೇಲೇ ಹೂವು ಅಚ್ಚು ಹಾಕತೊಡಗಿದವು. ಒಂದೇ ಹೂವಿನ ಎರಡು ಮೂರು ಚೀಲ ಸಿಗಲಿ ಎಂದು ಹೆಂಗಸರು ಅಂಗಡಿಯ ಚೀಲದ ರಾಶಿಯನ್ನು ತಡಕಾಡುವಂತಾಯಿತು. ಅಜ್ಜಿಯ ಹೂತೋಟಕ್ಕೆ ಈ ಚೀಲಗಳ ಚೂರು ಹೇಳಿ ಮಾಡಿಸಿದಂತಿದ್ದವು. ಬೆರಳಗಲದ ಚಿಂದಿಯೂ ಒಂದು ಎಸಳಾಗಬಹುದಿತ್ತು.

ಅದೇ ಕಾಲದ ಇನ್ನೊಂದು ಘಟನೆ ಈ ಕಲೆಯ ನೋವನ್ನು ಹೇಳುತ್ತದೆ. 1933ರ ಷಿಕಾಗೊ ವಿಶ್ವ ಮೇಳದ ಸಂದರ್ಭದಲ್ಲಿ ಸಿಯರ್ಸ್ ಕಂಪೆನಿ ಕ್ವಿಲ್ಟ್ ಸ್ಪರ್ಧೆ ಏರ್ಪಡಿಸಿತು. ಮೊದಲ ಬಹುಮಾನ ಸಾವಿರ ಡಾಲರ್. ಆ ದಿನಗಳಲ್ಲಿ ಅದು ದೊಡ್ಡ ಗಂಟು. ಬಂದ ಹೊದಿಕೆಗಳು ಸುಮಾರು 24,000. ಬಹುಮಾನ ಗೆದ್ದದ್ದು ಕೆಂಟಕಿ ರಾಜ್ಯದ ಅಂಗಡಿಯೊಡತಿಯೊಬ್ಬರು ಕಳುಹಿಸಿದ ಹೊದಿಕೆ. ಅದನ್ನು ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟ್ ಅವರಿಗೆ ಉಡುಗೊರೆಯಾಗಿ ಕೊಡಲಾಯಿತು. ಆಕೆ ಅದಕ್ಕೆ ಒಂದು ಹೊಲಿಗೆಯನ್ನೂ ಹಾಕಿರಲಿಲ್ಲ, ಹೊಲಿದವರು ಕೂಲಿಯ ಹೆಂಗಸರು ಎಂಬುದನ್ನು ಸಂಶೋಧಕರು ಬಯಲಿಗೆ ತಂದದ್ದು ದಶಕಗಳ ನಂತರ. ಹೊಲಿದವರಿಗೆ ಬಹುಮಾನದಲ್ಲಿ ಪಾಲು ಸಿಗಲಿಲ್ಲ. ಇದ್ದ ಕೂಲಿಯೂ ಹೋದೀತೆಂದು ಅವರು ಬಾಯಿ ಬಿಡಲಿಲ್ಲ.

1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಹಳೆಯ ಕ್ವಿಲ್ಟ್‌ಗಳನ್ನು ಚಿತ್ರಗಳಂತೆ ಗೋಡೆಗೆ ತೂಗುಹಾಕಿತು. ಮಂಚದ ವಸ್ತು ಕಲೆಯೆನಿಸಿತು. ಆದರೆ ಅಲ್ಲಿದ್ದ ಹೊದಿಕೆಗಳಲ್ಲಿ ಹೆಚ್ಚಿನವನ್ನು ಹೊಲಿದವರ ಹೆಸರು ಯಾರಿಗೂ ತಿಳಿದಿರಲಿಲ್ಲ. 1981ರಲ್ಲಿ ಕೆಂಟಕಿಯಲ್ಲಿ ಮನೆಮನೆಯ ಕ್ವಿಲ್ಟ್‌ಗಳನ್ನು ಗುರುತಿಸಿ ದಾಖಲಿಸುವ ಯೋಜನೆ ಶುರುವಾಯಿತು. ಬೇರೆ ರಾಜ್ಯಗಳೂ ಅದೇ ದಾರಿ ಹಿಡಿದವು. ಅಜ್ಜಿಯ ಪೆಟ್ಟಿಗೆ ತೆರೆದು ಹೊಲಿದವರ ಹೆಸರು, ಊರು, ಕಾಲ ಬರೆದಿಟ್ಟುಕೊಳ್ಳುವ ಕೆಲಸ ಅದು.

ನಮ್ಮ ಕೌದಿ, ಸಿದ್ದಿಯರ ಹೂವು

ಇಂಗ್ಲೆಂಡಿನಲ್ಲಿ ಅಚ್ಚು ಹಾಕಿದ ಹೂವು ಹತ್ತೊಂಬತ್ತನೆಯ ಶತಮಾನದಲ್ಲಿ ಹಡಗು ಹತ್ತಿ ಭಾರತಕ್ಕೇ ಮರಳಿತು. ಮ್ಯಾಂಚೆಸ್ಟರಿನ ಅಗ್ಗದ ಗಿರಣಿ ಬಟ್ಟೆ ನಮ್ಮ ಸಂತೆಗಳಿಗೂ ಬಂತು. ಹರಿದ ಮೇಲೆ ಅದು ಸೇರುವ ಜಾಗ ಕೌದಿಯೇ.

ಉತ್ತರ ಕರ್ನಾಟಕದಲ್ಲಿ ಕೌದಿಯ ಕಾಲ ಚಳಿಯಲ್ಲ, ಬೇಸಿಗೆ. ಸುಗ್ಗಿ ಮುಗಿದು ಹೊಲದ ಕೆಲಸ ನಿಂತು, ಯುಗಾದಿ ಕಳೆದು ಮಳೆ ಬರುವತನಕದ ಬಿಡುವಿನಲ್ಲಿ ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡು ಜೋಡಿಸಿ ದಪ್ಪ ದಾರದಿಂದ ಹೊಲಿಯುತ್ತಾರೆ. ಅಂಗಳದಲ್ಲಿ ಮಲ್ಲಿಗೆ ಬಿಡುವ ಕಾಲವೂ ಅದೇ. ಕೌದಿ ಹೊಲಿಯುವುದನ್ನೇ ಕಸುಬು ಮಾಡಿಕೊಂಡು ಊರೂರು ಸುತ್ತುವ ಹೆಣ್ಣುಮಕ್ಕಳೂ ಇದ್ದಾರೆ. ಹುಟ್ಟಿದ ಕೂಸನ್ನು ಅಜ್ಜಿಯ ಸೀರೆಯ ಕೌದಿಯಲ್ಲಿ ಮಲಗಿಸುವುದು ಇಂದಿಗೂ ಉಂಟು. ತೊಳೆದು ತೊಳೆದು ಮೆತ್ತಗಾದ ಆ ಬಟ್ಟೆ ಎಳೆಯ ಮೈಗೆ ಹಿತ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಹೆಂಗಸರ ಕೌದಿಯದು ಇನ್ನೊಂದು ಬಗೆ. ಪೋರ್ಚುಗೀಸರ ಗೋವೆಗೆ ಆಫ್ರಿಕದಿಂದ ಗುಲಾಮರಾಗಿ ತರಲಾದವರು ಇವರ ಪೂರ್ವಿಕರಲ್ಲಿದ್ದಾರೆ. ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಇಲ್ಲೇ ನೆಲೆ ನಿಂತರು. ಸಿದ್ದಿ ಹೆಂಗಸರು ಅಂಚಿನಿಂದ ಹೊಲಿಗೆ ಆರಂಭಿಸಿ, ಸುತ್ತು ಸುತ್ತಾಗಿ ಒಳಗೆ ಬಂದು ನಡುವಿನಲ್ಲಿ ಮುಗಿಸುತ್ತಾರೆ. ನಾಲ್ಕು ಮೂಲೆಗಳಿಗೂ ಮಡಿಚಿದ ಪುಟ್ಟ ಬಟ್ಟೆಯ ತುಂಡುಗಳನ್ನು ಸೇರಿಸುತ್ತಾರೆ. ಅದಕ್ಕೆ ಅವರಿಡುವ ಹೆಸರು ‘ಫೂಲ’, ಅಂದರೆ ಹೂವು. ಮೂಲೆಯಲ್ಲಿ ಹೂವಿಲ್ಲದ ಕೌದಿ ಅವರ ಪಾಲಿಗೆ ಬತ್ತಲೆ ಕೌದಿ. ಅಮೆರಿಕದ ಕಲಾ ಚರಿತ್ರಕಾರ ಹೆನ್ರಿ ಡ್ರೂವಲ್ ಈ ಕೌದಿಗಳನ್ನು ಅಧ್ಯಯನ ಮಾಡಿ ಹೊರಗಿನ ಪ್ರಪಂಚಕ್ಕೆ ಪರಿಚಯಿಸಿದರು.

ಚಿಂಟ್ಜ್ ಬರೆದವರು, ಹಿಟ್ಟಿನ ಚೀಲ ಬಿಚ್ಚಿದವರು, ಬಹುಮಾನದ ಹೊದಿಕೆ ಹೊಲಿದವರು ಬಹುಪಾಲು ಹೆಸರಿಲ್ಲದೇ ಹೋದರು. ನಮ್ಮ ಕೌದಿಗಳ ಕಥೆಯೂ ಬೇರೆಯಲ್ಲ. ಆದರೆ ಅವುಗಳನ್ನು ಹೊಲಿದ ಅಜ್ಜಿಯರು, ಅತ್ತೆಯರು ಇನ್ನೂ ಹಲವು ಮನೆಗಳಲ್ಲಿದ್ದಾರೆ. ಯಾವ ತುಂಡು ಯಾರ ಮದುವೆಯ ಸೀರೆಯದು, ಯಾವುದು ಯಾರ ತೊಟ್ಟಿಲ ಬಟ್ಟೆಯದು ಎಂದು ಬೆರಳಿಟ್ಟು ಹೇಳಬಲ್ಲವರು ಅವರೇ. ಈ ಬೇಸಿಗೆಯಲ್ಲಿ ಕೌದಿಯನ್ನು ಬಿಸಿಲಿಗೆ ಹಾಕುವಾಗ ಕೇಳಿ ಬರೆದಿಟ್ಟರೆ, ಒಂದು ಹೆಸರಾದರೂ ಉಳಿದೀತು.