ಮುಖಪುಟಗಳ ಚಿತ್ರಕಾರ ನಾರ್ಮನ್ ರಾಕ್‌ವೆಲ್

ಪತ್ರಿಕೆಗಳ ಮುಖಪುಟ, ಜಾಹೀರಾತು, ಕ್ಯಾಲೆಂಡರ್ ಮತ್ತು ಪುಸ್ತಕಗಳಿಗೆ ಚಿತ್ರ ಬರೆದೇ ಬದುಕು ಸಾಗಿಸಿದ ಕಲಾವಿದರಲ್ಲಿ ಅಮೆರಿಕದ ನಾರ್ಮನ್ ರಾಕ್‌ವೆಲ್ (1894–1978) ಅವರಷ್ಟು ಜನಪ್ರಿಯರಾದವರು ವಿರಳ. ಆರಂಭದ ಕೆಲವು ವರ್ಷಗಳನ್ನು ಬಿಟ್ಟರೆ ಅವರು ಯಾವ ಪತ್ರಿಕೆಯ ಸಂಬಳದ ನೌಕರರೂ ಆಗಿರಲಿಲ್ಲ. ಒಂದೊಂದು ಚಿತ್ರಕ್ಕೂ ಸಂಭಾವನೆ ಪಡೆದು ದುಡಿದ ಸ್ವತಂತ್ರ ಚಿತ್ರಕಾರರಾಗಿದ್ದರು. ಆದರೆ ಹಣ ಕೊಡುವವರ ಕಟ್ಟಳೆಗಳ ನಡುವೆ ಈ ಸ್ವಾತಂತ್ರ್ಯಕ್ಕೆ ಎಷ್ಟು ಅವಕಾಶವಿತ್ತು ಎಂಬುದನ್ನು ಅವರ ವೃತ್ತಿಜೀವನವೇ ತಿಳಿಸುತ್ತದೆ.

ಆರಂಭದ ದಿನಗಳು

1894ರ ಫೆಬ್ರುವರಿ 3ರಂದು ನ್ಯೂಯಾರ್ಕ್ ನಗರದಲ್ಲಿ ಜನಿಸಿದ ರಾಕ್‌ವೆಲ್, ಪ್ರೌಢಶಾಲೆಯ ಓದನ್ನು ಅರ್ಧಕ್ಕೆ ಬಿಟ್ಟು ಚಿತ್ರಕಲೆಯ ಶಿಕ್ಷಣಕ್ಕೆ ಸೇರಿದರು. ಆರ್ಟ್ ಸ್ಟೂಡೆಂಟ್ಸ್ ಲೀಗ್‌ನಲ್ಲಿ ಥಾಮಸ್ ಫೋಗರ್ಟಿ ಮತ್ತು ಜಾರ್ಜ್ ಬ್ರಿಡ್ಜ್‌ಮನ್ ಅವರ ಬಳಿ ಕಲಿತರು. ಇಪ್ಪತ್ತು ತುಂಬುವ ಮೊದಲೇ ‘ಬಾಯ್ಸ್ ಲೈಫ್’ ಪತ್ರಿಕೆಯ ಕಲಾ ಸಂಪಾದಕರಾದರು.

22ನೇ ವಯಸ್ಸಿನಲ್ಲಿ ಅವರ ಅದೃಷ್ಟ ಖುಲಾಯಿಸಿತು. ಅಂದಿನ ಪ್ರಸಿದ್ಧ ವಾರಪತ್ರಿಕೆ ‘ಸ್ಯಾಟರ್‌ಡೇ ಈವ್ನಿಂಗ್ ಪೋಸ್ಟ್’ನ 1916ರ ಮೇ 20ರ ಸಂಚಿಕೆಗೆ ಅವರ ಚಿತ್ರ ಮುಖಪುಟವಾಯಿತು. ಪುಟ್ಟ ಮಗುವಿನ ತಳ್ಳುಗಾಡಿಯನ್ನು ಒಲ್ಲದ ಮನಸ್ಸಿನಿಂದ ತಳ್ಳಿಕೊಂಡು ಹೋಗುವ ಹುಡುಗ, ಅವನನ್ನು ಗೇಲಿ ಮಾಡುವ ಗೆಳೆಯರು. ಇಷ್ಟೇ ಆ ಚಿತ್ರದ ವಸ್ತು. ಮುಂದಿನ 47 ವರ್ಷಗಳಲ್ಲಿ ಇದೇ ಪತ್ರಿಕೆಗೆ ಅವರು 320ಕ್ಕೂ ಹೆಚ್ಚು ಮುಖಪುಟಗಳನ್ನು ರಚಿಸಿದರು. ಜತೆಗೆ ಕೋಕಾ ಕೋಲಾದಂಥ ಕಂಪೆನಿಗಳ ಜಾಹೀರಾತುಗಳಿಗೂ ಸ್ಕೌಟ್ ಸಂಸ್ಥೆಯ ಕ್ಯಾಲೆಂಡರ್‌ಗಳಿಗೂ ಚಿತ್ರ ಬರೆದುಕೊಟ್ಟರು.

ಕೆಲಸದ ರೀತಿ

ರಾಕ್‌ವೆಲ್ ಅವರ ಕೆಲಸ ಚಿಕ್ಕದೊಂದು ಪೆನ್ಸಿಲ್ ರೇಖಾಚಿತ್ರದಿಂದ ಶುರುವಾಗುತ್ತಿತ್ತು. ವೃತ್ತಿಪರ ರೂಪದರ್ಶಿಗಳಿಗಿಂತ ನೆರೆಹೊರೆಯವರೇ ಅವರಿಗೆ ಪ್ರಿಯರಾಗಿದ್ದರು. ಮೊಗದಲ್ಲಿ ಯಾವ ಭಾವ ಮೂಡಬೇಕೆಂದು ತಾವೇ ಅಭಿನಯಿಸಿ ತೋರಿಸುತ್ತಿದ್ದರು. 1930ರ ದಶಕದ ನಂತರ ಇಂಥ ಭಂಗಿಗಳನ್ನು ಛಾಯಾಗ್ರಾಹಕರಿಂದ ತೆಗೆಸಿ, ಆ ಫೋಟೊಗಳ ಆಧಾರದ ಮೇಲೆ ಇದ್ದಿಲಿನಲ್ಲಿ ಪೂರ್ಣಗಾತ್ರದ ಚಿತ್ರ ಬರೆಯುತ್ತಿದ್ದರು. ಬಣ್ಣಗಳ ಕರಡೊಂದನ್ನು ಬೇರೆಯಾಗಿ ಸಿದ್ಧಪಡಿಸಿಕೊಂಡು, ಕೊನೆಯಲ್ಲಿ ಕ್ಯಾನ್ವಾಸ್ ಮೇಲೆ ತೈಲವರ್ಣಕ್ಕೆ ಕೈಹಾಕುತ್ತಿದ್ದರು.

ಮೆಚ್ಚುಗೆ ಗಳಿಸಿದ ಕೃತಿಗಳು

ಅಧ್ಯಕ್ಷ ರೂಸ್‌ವೆಲ್ಟ್ 1941ರ ಭಾಷಣದಲ್ಲಿ ಹೆಸರಿಸಿದ ನಾಲ್ಕು ಸ್ವಾತಂತ್ರ್ಯಗಳನ್ನು ಆಧರಿಸಿದ ಚಿತ್ರಸರಣಿ 1943ರಲ್ಲಿ ‘ಪೋಸ್ಟ್’ನಲ್ಲಿ ಪ್ರಕಟವಾಯಿತು. ಊರ ಸಭೆಯಲ್ಲಿ ಎದ್ದು ನಿಂತು ಮಾತನಾಡುವ ಸಾಧಾರಣ ಉಡುಪಿನ ಶ್ರಮಿಕನ ಚಿತ್ರ ಇವುಗಳಲ್ಲೊಂದು. ಈ ಚಿತ್ರಗಳ ಸಂಚಾರಿ ಪ್ರದರ್ಶನದಿಂದ 13 ಕೋಟಿ ಡಾಲರ್‌ಗೂ ಅಧಿಕ ಮೊತ್ತದ ಯುದ್ಧ ಬಾಂಡ್‌ಗಳು ಮಾರಾಟವಾದವು. ಅದೇ ವರ್ಷ ಅವರ ಚಿತ್ರಶಾಲೆ ಬೆಂಕಿಗೆ ಆಹುತಿಯಾಯಿತು.

ರೈಲು ನಿಲ್ದಾಣದ ಬಳಿಯ ಹೋಟೆಲೊಂದರ ಗದ್ದಲದ ನಡುವೆ ಊಟಕ್ಕೆ ಮುನ್ನ ಪ್ರಾರ್ಥಿಸುವ ಅಜ್ಜಿ ಮತ್ತು ಬಾಲಕನನ್ನು ಚಿತ್ರಿಸಿದ ‘ಸೇಯಿಂಗ್ ಗ್ರೇಸ್’ (1951), ಓದುಗರು ಬಹುವಾಗಿ ಮೆಚ್ಚಿದ ಮುಖಪುಟ. 2013ರ ಹರಾಜಿನಲ್ಲಿ ಅದರ ಮೂಲಚಿತ್ರ 4.6 ಕೋಟಿ ಡಾಲರ್‌ಗೆ ಮಾರಾಟವಾಯಿತು. 1960ರ ‘ಟ್ರಿಪಲ್ ಸೆಲ್ಫ್ ಪೋರ್ಟ್ರೇಟ್’ನಲ್ಲಿ ಕನ್ನಡಿ ನೋಡಿ ತಮ್ಮನ್ನೇ ಬರೆದುಕೊಳ್ಳುವ ರಾಕ್‌ವೆಲ್ ಇದ್ದಾರೆ. ಅವರ ಮುಂದಿನ ಕ್ಯಾನ್ವಾಸ್‌ಗೆ ಡ್ಯೂರರ್, ರೆಂಬ್ರಾಂಟ್, ಪಿಕಾಸೊ, ವ್ಯಾನ್‌ಗೋ ಅವರ ಚಿತ್ರಗಳನ್ನು ಅಂಟಿಸಲಾಗಿದೆ. ಭಾರತೀಯರ ಮಟ್ಟಿಗೆ 1963ರ ಜನವರಿ 19ರ ಸಂಚಿಕೆ ವಿಶೇಷವಾದುದು. ಅದರ ಮುಖಪುಟದಲ್ಲಿದ್ದುದು ಜವಾಹರಲಾಲ್ ನೆಹರೂ ಅವರ ಭಾವಚಿತ್ರ.

ಬರೆಯಲಾಗದ ಚಿತ್ರ

ಇಷ್ಟೊಂದು ಮುಖಪುಟಗಳಲ್ಲಿ ಕಪ್ಪುವರ್ಣೀಯರು ಕಾಣಸಿಗುವುದು ಅಪರೂಪ. 1946ರ ಮುಖಪುಟವೊಂದರಲ್ಲಿ ರೈಲಿನ ಊಟದ ಬೋಗಿಯ ಪರಿಚಾರಕನೊಬ್ಬನಿದ್ದಾನೆ. ಕಪ್ಪುವರ್ಣೀಯರನ್ನು ಸೇವಕರನ್ನಾಗಿ ಮಾತ್ರ ತೋರಿಸಬಹುದೆಂಬ ನಿಯಮ ಪತ್ರಿಕೆಯಲ್ಲಿತ್ತೆಂದೂ, ಅದಕ್ಕಾಗಿ ಗುಂಪಿನ ಚಿತ್ರವೊಂದರಿಂದ ಒಬ್ಬ ಕಪ್ಪುವರ್ಣೀಯನನ್ನು ತೆಗೆಯಬೇಕಾಯಿತೆಂದೂ ರಾಕ್‌ವೆಲ್ ವೃದ್ಧಾಪ್ಯದಲ್ಲಿ ಹೇಳಿಕೊಂಡಿದ್ದರು. 1961ರಲ್ಲಿ ನಾನಾ ದೇಶ, ಧರ್ಮ, ವರ್ಣಗಳ ಜನರನ್ನು ಒಟ್ಟಿಗೆ ನಿಲ್ಲಿಸಿದ ‘ಗೋಲ್ಡನ್ ರೂಲ್’ ಮುಖಪುಟವಾದದ್ದು ಬದಲಾವಣೆಯ ಸೂಚನೆಯಾಗಿತ್ತು.

1963ರಲ್ಲಿ ಅವರು ‘ಪೋಸ್ಟ್’ನ ನಂಟು ಕಡಿದುಕೊಂಡರು. ಆಗ ಅವರಿಗೆ 69 ವರ್ಷ. 1964ರ ಜನವರಿ 14ರ ‘ಲುಕ್’ ಪತ್ರಿಕೆಯಲ್ಲಿ ‘ದಿ ಪ್ರಾಬ್ಲಮ್ ವಿ ಆಲ್ ಲಿವ್ ವಿತ್’ ಪ್ರಕಟವಾಯಿತು. 1960ರ ನವೆಂಬರ್‌ನಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ, ಅಲ್ಲಿಯವರೆಗೆ ಬಿಳಿಯರಿಗಷ್ಟೇ ಮೀಸಲಾಗಿದ್ದ ಶಾಲೆಗೆ ಕಾಲಿಟ್ಟ ಆರು ವರ್ಷದ ರೂಬಿ ಬ್ರಿಡ್ಜಸ್ ಇದಕ್ಕೆ ಪ್ರೇರಣೆ. ಬಿಳಿ ಉಡುಪಿನ ಬಾಲಕಿ ಪುಸ್ತಕ ಹಿಡಿದು ನೇರವಾಗಿ ನಡೆಯುತ್ತಿದ್ದಾಳೆ. ಹಿಂದೆ ಮುಂದೆ ನಾಲ್ವರು ಫೆಡರಲ್ ಮಾರ್ಷಲ್‌ಗಳಿದ್ದಾರೆ; ಅವರ ತಲೆಗಳು ಚೌಕಟ್ಟಿನಾಚೆ ಉಳಿದಿವೆ. ಗೋಡೆಯ ಮೇಲೆ ಜನಾಂಗ ನಿಂದನೆಯ ಬರಹ, ಎಸೆದ ಟೊಮ್ಯಾಟೊದ ಕಲೆ. ಆವರೆಗೆ ನಗಿಸುತ್ತಿದ್ದ ಕಲಾವಿದನ ಈ ಹೊಸ ರೂಪಕ್ಕೆ ಓದುಗರಿಂದ ಪ್ರಶಂಸೆಯಷ್ಟೇ ಅಲ್ಲದೆ ಆಕ್ರೋಶದ ಪತ್ರಗಳೂ ಬಂದವು. ಆದರೂ ಅವರು ಹಿಂದೆ ಸರಿಯಲಿಲ್ಲ. ಮಿಸಿಸಿಪಿಯಲ್ಲಿ ಮೂವರು ನಾಗರಿಕ ಹಕ್ಕುಗಳ ಕಾರ್ಯಕರ್ತರ ಹತ್ಯೆಯನ್ನು ಕುರಿತು 1965ರಲ್ಲಿ ಮತ್ತೊಂದು ಚಿತ್ರ ಬರೆದರು.

1977ರಲ್ಲಿ ರಾಕ್‌ವೆಲ್ ಅವರಿಗೆ ಅಮೆರಿಕದ ಅತ್ಯುನ್ನತ ನಾಗರಿಕ ಗೌರವವಾದ ‘ಪ್ರೆಸಿಡೆನ್ಷಿಯಲ್ ಮೆಡಲ್ ಆಫ್ ಫ್ರೀಡಂ’ ಸಂದಿತು. 1978ರ ನವೆಂಬರ್ 8ರಂದು ಮ್ಯಾಸಚೂಸೆಟ್ಸ್‌ನ ಸ್ಟಾಕ್‌ಬ್ರಿಜ್‌ನಲ್ಲಿ ಅವರು ನಿಧನರಾದರು. ಅದೇ ಊರಿನಲ್ಲಿ ಅವರ ಹೆಸರಿನ ವಸ್ತುಸಂಗ್ರಹಾಲಯವಿದೆ. 2011ರಲ್ಲಿ ಶಾಲಾ ಬಾಲಕಿಯ ಆ ಚಿತ್ರವನ್ನು ಅಲ್ಲಿಂದ ತರಿಸಿ ಶ್ವೇತಭವನದಲ್ಲಿ ಪ್ರದರ್ಶಿಸಲಾಯಿತು. ಅಮೆರಿಕದ ಮೊದಲ ಕಪ್ಪುವರ್ಣೀಯ ಅಧ್ಯಕ್ಷ ಬರಾಕ್ ಒಬಾಮ ಅದರ ಮುಂದೆ ನಿಂತಾಗ, ಪಕ್ಕದಲ್ಲಿದ್ದವರು ಸ್ವತಃ ರೂಬಿ ಬ್ರಿಡ್ಜಸ್.