ಮನೆ ಮುಂದಿನ ಫುಟ್‌ಪಾತ್ ಯಾರದು?

ಹೊಸೂರು ವಾಹನ ತಯಾರಿಸುವ ಊರು. ಟಿವಿಎಸ್ ಬೈಕುಗಳೂ ಅಶೋಕ್ ಲೇಲ್ಯಾಂಡ್ ಲಾರಿಗಳೂ ಇಲ್ಲಿನ ಕಾರ್ಖಾನೆಗಳಿಂದ ಹೊರಬರುತ್ತವೆ. ಕೆಲಸಕ್ಕೆ ಬಂದವರಿಂದ ಊರು ಬೆಳೆದು 2019ರಲ್ಲಿ ಮಹಾನಗರ ಪಾಲಿಕೆಯಾಯಿತು. ಆದರೆ ಹಳೆಯ ಬಡಾವಣೆಗಳ ಬೀದಿಗಳು ಇದ್ದಷ್ಟೇ ಅಗಲ ಇವೆ. ಒಂದೇ ಮನೆಯಿದ್ದ ನಿವೇಶನದಲ್ಲಿ ಮೂರು ಅಂತಸ್ತಿನ ಬಾಡಿಗೆ ಮನೆಗಳು ಎದ್ದಿವೆ, ಮನೆಗೆ ಎರಡು ಬೈಕು ಬಂದಿವೆ. ಒಳಗೆ ಜಾಗ ಸಾಲದ ವಾಹನ ಫುಟ್‌ಪಾತ್ ಹತ್ತಿ ನಿಲ್ಲುತ್ತದೆ, ನಡೆಯುವವರು ರಸ್ತೆಗೆ ಇಳಿಯುತ್ತಾರೆ. ಈ ವಿಷಯದಲ್ಲಿ ಎಲ್ಲರಿಗೂ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ.

ತೊಂದರೆ ಯಾರಿಗೆ?

ಗಟ್ಟಿಮುಟ್ಟಾದವರು ಬಳಸಿಕೊಂಡು ಹೋಗುತ್ತಾರೆ. ಕೋಲು ಹಿಡಿದು ನಡೆಯುವ ಅಜ್ಜ, ಕೂಸನ್ನು ಎತ್ತಿಕೊಂಡ ತಾಯಿ, ಶಾಲೆಯ ಮಕ್ಕಳು, ಕಣ್ಣು ಕಾಣದವರು, ಗಾಲಿಕುರ್ಚಿಯಲ್ಲಿ ಇರುವವರಿಗೆ ಅದು ಸುಲಭವಲ್ಲ. ಹಿಂದಿನಿಂದ ಬರುವ ಗಾಡಿಗೆ ಬೆನ್ನು ಕೊಟ್ಟು ರಸ್ತೆಗೆ ಇಳಿಯಬೇಕು. ಎರಡು ಮೂರು ಸಲ ಹೆದರಿದ ಹಿರಿಯರು ಸಂಜೆ ದೇವಸ್ಥಾನಕ್ಕೆ ಹೋಗುವುದನ್ನೇ ಬಿಡುತ್ತಾರೆ. ಅಪಘಾತದ ಲೆಕ್ಕದಲ್ಲಿ ಇದು ಬರುವುದಿಲ್ಲ, ಆದರೆ ನಷ್ಟ ನಷ್ಟವೇ.

ಇನ್ನೊಂದು ತೊಂದರೆ ನೆಲದಡಿಯದು. ನಮ್ಮ ಎಷ್ಟೋ ಬೀದಿಗಳಲ್ಲಿ ಫುಟ್‌ಪಾತ್ ಎಂದರೆ ಚರಂಡಿಯ ಮೇಲಿನ ಚಪ್ಪಡಿ. ಅದನ್ನು ಹಾಕಿರುವುದು ಜನ ನಡೆಯುವ ಭಾರಕ್ಕೆ. ಕಾರಿನ ಚಕ್ರ ದಿನವೂ ಹತ್ತಿದರೆ ಬಿರುಕು ಬಿಡುತ್ತದೆ. ಮಳೆಗಾಲದ ರಾತ್ರಿ ಆ ಸಂದೇ ಗುಂಡಿಯಾಗುತ್ತದೆ. ಗೇಟಿನಿಂದ ರಸ್ತೆಯವರೆಗೆ ಕಟ್ಟಿದ ಇಳಿಜಾರು ಸಹ ನಡೆಯುವವರ ಕಾಲು ಜಾರಿಸುತ್ತದೆ, ಚರಂಡಿ ಶುಚಿ ಮಾಡಲೂ ಬಿಡುವುದಿಲ್ಲ.

ಎಷ್ಟು ಅಗಲ ಬೇಕು?

ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲಿ ಪ್ರಕಟಿಸಿದ ಪಾದಚಾರಿ ಸೌಲಭ್ಯಗಳ ಮಾರ್ಗಸೂಚಿಯ ಪ್ರಕಾರ, ವಸತಿ ಪ್ರದೇಶದಲ್ಲೂ ಅಡೆತಡೆಯಿಲ್ಲದ ಕನಿಷ್ಠ 1.8 ಮೀಟರ್, ಅಂದರೆ ಸುಮಾರು ಆರು ಅಡಿ ಇರಬೇಕು. ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ದಾಟಲು ಬೇಕಾದ ಅಗಲ ಇದು. ಒಂದು ಸ್ಕೂಟರಿನ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಅಡ್ಡಲಾಗಿ ನಿಲ್ಲಿಸಿದ ಒಂದೇ ಸ್ಕೂಟರು ಇಡೀ ದಾರಿಯನ್ನು ಮುಚ್ಚಿಬಿಡುತ್ತದೆ.

ಕಾನೂನು ಏನನ್ನುತ್ತದೆ?

‘ನಮ್ಮ ಮನೆ ಮುಂದೆ ನಮ್ಮ ಗಾಡಿ’ ಎಂಬ ಮಾತಿಗೆ ಕಾನೂನಿನ ಬೆಂಬಲವಿಲ್ಲ. ಕಾಂಪೌಂಡ್ ಗೋಡೆಯ ಹೊರಗಿನ ಫುಟ್‌ಪಾತ್ ಸಾರ್ವಜನಿಕ ಸ್ಥಳ. ಗೇಟಿಗೆ ಹೋಗಿಬರುವ ಹಕ್ಕು ಮನೆಯವರಿಗಿದೆ. ಅಲ್ಲಿ ಗಾಡಿ ನಿಲ್ಲಿಸುವ ಹಕ್ಕಿಲ್ಲ.

ಫುಟ್‌ಪಾತ್ ಮೇಲೆ ವಾಹನ ನಿಲ್ಲಿಸುವುದನ್ನು 2017ರ ಮೋಟಾರು ವಾಹನ ಚಾಲನಾ ನಿಯಮಗಳು ನಿಷೇಧಿಸುತ್ತವೆ. ಮೋಟಾರು ವಾಹನ ಕಾಯ್ದೆಯ 122ನೇ ಕಲಂ ಅಡಚಣೆಯಾಗುವಂತೆ ವಾಹನ ಬಿಡುವುದನ್ನು ತಡೆಯುತ್ತದೆ. 127ನೇ ಕಲಂ ಪ್ರಕಾರ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಅಂಥ ಗಾಡಿಯನ್ನು ಎಳೆಸಿಕೊಂಡು ಹೋಗಲು ಹೇಳಬಹುದು, ಖರ್ಚು ಮಾಲೀಕರದು. 177ನೇ ಕಲಂ ಅಡಿ ಮೊದಲ ಸಲ 500 ರೂಪಾಯಿವರೆಗೆ, ಮತ್ತೆ ಮಾಡಿದರೆ 1,500 ರೂಪಾಯಿವರೆಗೆ ದಂಡವಿದೆ. ಇವು ಕೇಂದ್ರದ ಕಾನೂನುಗಳಾದ್ದರಿಂದ ಅತ್ತಿಬೆಲೆಯ ಆಚೆಗೂ ಈಚೆಗೂ ಒಂದೇ. ಕೆಎ ನಂಬರಿನ ಗಾಡಿಗೆ ವಿನಾಯಿತಿಯಿಲ್ಲ.

ಕೊಯಮತ್ತೂರಿನ ಮೂಳೆತಜ್ಞ ಡಾ. ಎಸ್. ರಾಜಶೇಖರನ್ ಅವರು ರಸ್ತೆ ಸುರಕ್ಷತೆಗಾಗಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿದ್ದರು. ಆ ಪ್ರಕರಣದಲ್ಲಿ 2025ರ ಮೇ 14ರಂದು ಕೋರ್ಟು, ಅಡಚಣೆಯಿಲ್ಲದ ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿ ನೀಡುವ ಬದುಕುವ ಹಕ್ಕಿನ ಭಾಗ ಎಂದು ಹೇಳಿತು. ಅಂಗವಿಕಲರಿಗೂ ಅವು ಅನುಕೂಲವಾಗಿರಬೇಕು, ಒತ್ತುವರಿ ತೆರವಾಗಬೇಕು ಎಂದೂ ತಿಳಿಸಿತು.

ದೂರು ಯಾರಿಗೆ, ಯಾವ ಭಾಷೆಯಲ್ಲಿ?

ನಿಂತ ವಾಹನಕ್ಕೆ ಸಂಚಾರ ಪೊಲೀಸರು. ಒಡೆದ ಚಪ್ಪಡಿ, ಇಳಿಜಾರು, ಒತ್ತುವರಿಗೆ ಪಾಲಿಕೆ. ಅಲ್ಲಿ ಕೆಲಸವಾಗದಿದ್ದರೆ ಮುಖ್ಯಮಂತ್ರಿ ಸಹಾಯವಾಣಿ 1100 ಇದೆ. ಕೃಷ್ಣಗಿರಿಯ ಜಿಲ್ಲಾಧಿಕಾರಿ ಕಚೇರಿಯಲ್ಲಿ ಸೋಮವಾರ ನಡೆಯುವ ಕುಂದುಕೊರತೆ ಸಭೆಯಲ್ಲೂ ಅರ್ಜಿ ಕೊಡಬಹುದು.

ತಮಿಳು ಬರೆಯಲು ಬಾರದೆಂದು ನಮ್ಮವರಲ್ಲಿ ಹಲವರು ದೂರು ಕೊಡಲು ಹಿಂಜರಿಯುತ್ತಾರೆ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸಲು ಸಂವಿಧಾನದ 350ನೇ ವಿಧಿ ಅವಕಾಶ ಕೊಡುತ್ತದೆ. ಕನ್ನಡದಲ್ಲಿ ಬರೆದು, ಜೊತೆಗೆ ತಮಿಳಿನಲ್ಲಿ ನಾಲ್ಕು ಸಾಲು ಬರೆಸಿ ಇಟ್ಟರೆ ಕೆಲಸ ಬೇಗ ಸಾಗುತ್ತದೆ. ಫುಟ್‌ಪಾತಿಗೆ ಅಲ್ಲಿ ಬಳಸುವ ಪದ ‘ನಡೈಪಾದೈ’. ದಿನ, ಸಮಯ, ಬೀದಿ, ಹತ್ತಿರದ ಗುರುತು, ಗಾಡಿಯ ನಂಬರು ಕಾಣುವ ಫೋಟೊ ಇರಲಿ. ಸ್ವೀಕೃತಿ ಪಡೆದು ಪ್ರತಿಯೊಂದನ್ನು ಇಟ್ಟುಕೊಳ್ಳಿ.

ದೂರಿಗೆ ಮೊದಲು

ಪಕ್ಕದ ಮನೆಯವರ ಮೇಲೆ ದೂರು ಕೊಟ್ಟು ಮರುದಿನ ಅದೇ ಬೀದಿಯಲ್ಲಿ ಮುಖ ನೋಡಬೇಕಲ್ಲ! ಮೊದಲು ಮಾತಾಡಿ ನೋಡುವುದು ಒಳ್ಳೆಯದು. ‘ನಿಮ್ಮ ಗಾಡಿ ತೆಗೆಯಿರಿ’ ಎನ್ನುವುದಕ್ಕಿಂತ ‘ಅಮ್ಮನಿಗೆ ನಡೆಯೋಕೆ ಆಗ್ತಿಲ್ಲ, ಸ್ವಲ್ಪ ಒಳಗೆ ಹಾಕ್ತೀರಾ?’ ಎಂದರೆ ಹೆಚ್ಚಿನವರು ಕೇಳುತ್ತಾರೆ. ಬೀದಿಯವರೆಲ್ಲ ಕುಳಿತು, ರಸ್ತೆಯ ಒಂದೇ ಬದಿಯಲ್ಲಿ ನಿಲ್ಲಿಸುವುದೆಂದು ಗೊತ್ತುಮಾಡಿಕೊಳ್ಳಬಹುದು. ಬಾಡಿಗೆಗೆ ಮನೆ ಕಟ್ಟುವವರು ನೆಲಮಹಡಿಯ ಪಾರ್ಕಿಂಗ್ ಜಾಗವನ್ನು ಅಂಗಡಿ ಮಾಡದೆ ಬಿಟ್ಟರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಇಷ್ಟಾದರೂ ದಾರಿ ಬಿಡದವರ ಮೇಲೆ ದೂರು ಕೊಡುವುದು ಜಗಳಗಂಟಿತನವಲ್ಲ. ಅದು ನಡೆದು ಹೋಗುವವರ ಹಕ್ಕು.